ಹನ್ನೊಂದು ಮನೆಯ ಚಹಾ

ನಾಗಪುರದಲ್ಲಿ ನನ್ನ ದೊಡ್ಡವ್ವ ಮೂರು ದಿನ ಉಳ್ಳಾಗಡ್ಡಿ ಹೆಚ್ಚಿದಳು.

ಚರ್ಚಿನ ಹೆಂಗಸರ ಸಂಘದ ದೇಶದ ಸಮಾವೇಶಕ್ಕೆ ಹೋಗುವಾಗ ಅವಳ ಕೊರಳಿಗೆ ಬಿಲ್ಲೆ ಹಾಕಿದ್ದರು. ಬಿಲ್ಲೆಯ ಮೇಲೆ ‘ಪ್ರತಿನಿಧಿ’ ಎಂದಿತ್ತು. ರೈಲು ಇಳಿದ ಕೂಡಲೇ ಉಳಿದ ಪ್ರತಿನಿಧಿಗಳು ಸಭಾಂಗಣದ ಕಡೆಗೆ ಹೋದರು. ದೊಡ್ಡವ್ವನನ್ನು ಅಡಿಗೆಮನೆಯ ಕಡೆಗೆ ಕಳಿಸಿದರು. ಜನ ಕಮ್ಮಿ ಬಿದ್ದಾರೆ, ಸ್ವಲ್ಪ ಕೈ ಹಚ್ಚು ಅಂದರು. ಸ್ವಲ್ಪ ಅಂದರೆ ನಾಲ್ಕು ಚೀಲ. ಬಗ್ಗಿದಾಗೊಮ್ಮೆ ಬಿಲ್ಲೆ ಬುಟ್ಟಿಯೊಳಗೆ ಬೀಳುತ್ತಿತ್ತು. ಅದನ್ನು ಬೆನ್ನಿಗೆ ತಿರುಗಿಸಿಕೊಂಡಳು. ಕಿಟಕಿಯಿಂದ ಮೈಕ್ ಕೇಳುತ್ತಿತ್ತು. ಮೂರನೆಯ ದಿನ ಒಬ್ಬರು ಪ್ರೊಫೆಸರ್ ಬಾಯಿಯವರು ‘ಸೇವೆ ಮಾಡುವ ಕೈಗಳು’ ಎಂಬ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದರು. ಸಭಾಂಗಣದಲ್ಲಿ ಬಹಳ ಜನ ಅತ್ತರಂತೆ. ಅಡಿಗೆಮನೆಯಲ್ಲೂ ಅತ್ತರು. ಅದು ಉಳ್ಳಾಗಡ್ಡಿಗೆ.

ತಿರುಗಿ ಬಂದ ದಿನ ದೊಡ್ಡವ್ವ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಂಡಳು.

‘ಭಾಗ್ಯಾ, ಮುಂದಿನ ಸಲ ನಾ ಅಧ್ಯಕ್ಷಳಾಗಿ ನಿಂದರ್ತೇನಿ.’

ನಮ್ಮ ಶಾಖೆಗೋ ಎಂದು ಕೇಳಿದೆ.

‘ಶಾಖೆಗೆ ಯಾಕ? ದೇಶಕ್ಕ.’

ನಾನು ನಗಲಿಲ್ಲ. ನಾನು ಮಾತು ಕಮ್ಮಿ, ಕೇಳುವುದೇ ಹೆಚ್ಚು. ನಮ್ಮವ್ವ ಮತ್ತು ದೊಡ್ಡವ್ವ ಅಕ್ಕತಂಗಿ. ಇಬ್ಬರೂ ಬೀಸುವಾಗ, ಒಗೆಯುವಾಗ, ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದರು. ಒಬ್ಬಳು ಅರ್ಧ ಹೇಳಿದರೆ ಇನ್ನೊಬ್ಬಳು ಅರ್ಧ ಮುಗಿಸುತ್ತಿದ್ದಳು. ಅದನ್ನೇ ಕೇಳುತ್ತ ನಾನು ಬೆಳೆದೆ. ದೊಡ್ಡವ್ವ ಅರ್ಧ ಹೇಳಿ ನಿಲ್ಲಿಸುವವಳಲ್ಲ ಎಂದು ನನಗೆ ಗೊತ್ತಿತ್ತು.

ದೊಡ್ಡವ್ವನ ಹೆಸರು ಬಾಳವ್ವ. ಹುಬ್ಬಳ್ಳಿಯ ಒಂದು ದೊಡ್ಡ ದವಾಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಆಯಾ. ರೋಗಿಗಳನ್ನು ಎತ್ತುತ್ತಾಳೆ, ಹೊರಳಿಸುತ್ತಾಳೆ. ಅವರ ಹೇಲು ಬಳಿಯುತ್ತಾಳೆ, ರಕ್ತದ ಚಾದರ ನೆನೆ ಹಾಕುತ್ತಾಳೆ. ಸತ್ತವರ ದವಡೆ ಕಟ್ಟುತ್ತಾಳೆ. ಫಿನಾಯಿಲಿಗೆ ಹೆಬ್ಬೆರಳಿನ ಗೆರೆ ಸವೆದುಹೋಗಿ ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತು ಹಿಡಿಯುವುದಿಲ್ಲ. ಶನಿವಾರ ಚರ್ಚಿನ ಕಸ ಹೊಡೆಯುತ್ತಾಳೆ. ಅದಕ್ಕೆ ಪಗಾರ ಇಲ್ಲ. ಅದಕ್ಕೆ ಸೇವೆ ಎಂದು ಹೆಸರು.

ನಮ್ಮ ಓಣಿ ಚರ್ಚಿನ ಕಾಂಪೌಂಡ್ ಗೋಡೆಗೆ ಬೆನ್ನು ಹಚ್ಚಿಕೊಂಡಿದೆ. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಕಸ ಹೊಡೆಯುವವರಿಗಾಗಿ ಇಟ್ಟದ್ದು. ನಮ್ಮ ಓಣಿಯವರು ಯಾವ ಜಾತಿಯಿಂದ ಬಂದವರು ಎಂದು ಚರ್ಚಿನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿದೆ. ಉಣಕಲ್ ಕಡೆಯ ದೊಡ್ಡ ಮನೆಯವರು ಯಾವ ಜಾತಿಯಿಂದ ಬಂದವರು ಎಂದೂ ಯಾರೂ ಕೇಳುವುದಿಲ್ಲ. ಅವರೇ ಹೇಳುತ್ತಾರೆ. ನೂರೈವತ್ತು ವರ್ಷದ ಹಿಂದೆ ದೀಕ್ಷಾಸ್ನಾನದ ನೀರಿನಲ್ಲಿ ಅವರ ಮುತ್ತಜ್ಜನ ಪಾಪವೆಲ್ಲ ತೊಳೆದುಹೋಯಿತು. ಜಾತಿ ಮಾತ್ರ ಒದ್ದೆಯಾಗಲಿಲ್ಲ.

ರಜನಿ ಮೇಡಂ ಆ ಕಡೆಯವರು. ರಿಟೈರಾದ ಪ್ರಿನ್ಸಿಪಾಲ್ ರಾಜಶೇಖರ ಸರ್ ಅವರ ಹೆಂಡತಿ. ಹದಿನಾಲ್ಕು ವರ್ಷದಿಂದ ನಮ್ಮ ಶಾಖೆಯ ಅಧ್ಯಕ್ಷೆ. ಪ್ರತಿ ಸಲ ನಮ್ಮ ಓಣಿಯ ಹೆಂಗಸರೇ ಅವರಿಗಾಗಿ ಕೈ ಎತ್ತಿದ್ದೆವು. ಈ ಸಲ ದೇಶದ ಅಧ್ಯಕ್ಷಗಿರಿಗೆ ಒಂದು ಶಾಖೆಯಿಂದ ಒಂದೇ ಹೆಸರು ಕಳಿಸಬೇಕು ಎಂದು ಕಾಗದ ಬಂದಿತ್ತು. ಹೆಸರಿನ ಕೆಳಗೆ ಶಾಖೆಯ ಅಧ್ಯಕ್ಷೆಯ ಸಹಿ ಬೇಕು. ಆ ಹೆಸರು ತಮ್ಮದೇ ಎಂದು ರಜನಿ ಮೇಡಂ ಎರಡು ರೇಷ್ಮೆ ಜಂಪರ್ ಹೊಲಿಸಿಯಾಗಿತ್ತು.

ನಾನು ದೊಡ್ಡವ್ವನ ಅರ್ಜಿ ತುಂಬಿದೆ. ಅದರಲ್ಲಿ ‘ಚರ್ಚಿನ ಸಭೆಯಲ್ಲಿ ಪತಿಯ ಸ್ಥಾನ’ ಎಂಬ ಖಾನೆ ಇತ್ತು. ಹೆಂಗಸರ ಸಂಘದಲ್ಲಿ ಮೇಲೆ ಹೋಗುವ ಏಣಿ ಗಂಡನೇ ಎಂದು ಅದನ್ನು ಮಾಡಿದವರಿಗೆ ಖಾತ್ರಿಯಿತ್ತು. ಬಿಷಪ್ಪರ ಹೆಂಡತಿ, ಸಭಾಪಾಲಕರ ಹೆಂಡತಿ, ಖಜಾಂಚಿಯ ಹೆಂಡತಿ. ನನ್ನ ದೊಡ್ಡಪ್ಪ ದ್ಯಾಮಣ್ಣ ಮನೆಗಳಿಗೆ ಬಣ್ಣ ಹಚ್ಚುವವನು. ಏನು ಬರೆಯಲಿ ಎಂದು ಕೇಳಿದೆ.

‘ಎಡಗಡಿ ಕೊನೀ ಬೆಂಚು. ಗ್ವಾಡಿಗೆ ತಲಿ ಹಚ್ಚಿ ಮಲಗಿರ್ತಾನ. ಹಂಗ ಬರಿ.’

ಹಾಗೇ ಬರೆದೆ.

ರಜನಿ ಮೇಡಂ ಅರ್ಜಿ ಓದಿ ಕನ್ನಡಕ ತೆಗೆದರು. ಮೊದಲು ನಕ್ಕರು. ಆಮೇಲೆ, ಅಲ್ಲಿ ಇಂಗ್ಲಿಷಿನಲ್ಲಿ ಮಾತಾಡಬೇಕಾಗುತ್ತದೆ, ನಿನಗೆ ಮುಜುಗರ ಆಗಬಾರದು ಎಂದು ಬಹಳ ಮೆತ್ತಗೆ ಹೇಳಿದರು.

‘ನಮ್ಮ ದವಾಖಾನಿಯಾಗ ಇಂಗ್ಲಿಷ್ ಬರೋರೂ ನರಳೋದು ಕನ್ನಡದಾಗ ರೀ ಮೇಡಂ,’ ಎಂದಳು ದೊಡ್ಡವ್ವ.

ಮುಂದಿನ ಭಾನುವಾರವೇ ಕಾರ್ಯಕಾರಿ ಸಮಿತಿ ಕೂಡಿತು. ಹೊಸ ನಿಯಮ ಬಂತು. ಮೂರು ವರ್ಷದ ಮನೆಪ್ರಾರ್ಥನೆಗಳಲ್ಲಿ ಮುಕ್ಕಾಲು ಪಾಲು ಹಾಜರಿದ್ದವರು ಮಾತ್ರ ನಿಲ್ಲಬೇಕು, ಅವರು ಮಾತ್ರ ಕೈ ಎತ್ತಬೇಕು. ಭಕ್ತಿಗೆ ಒಂದು ಅಳತೆ ಬೇಕಲ್ಲ ಎಂದರು ರಜನಿ ಮೇಡಂ. ಅವರ ಲೆಕ್ಕ ಸರಳವಾಗಿತ್ತು. ನಮ್ಮ ಓಣಿಯವರು ಪಾಳಿ ಕೆಲಸದವರು. ದವಾಖಾನೆ, ರೈಲ್ವೆ ಸ್ಟೇಷನ್ ಕಸ, ಹಾಸ್ಟೆಲ್ ಅಡಿಗೆ. ಗುರುವಾರ ಸಂಜೆ ಐದಕ್ಕೆ ಪ್ರಾರ್ಥನೆಗೆ ಎಷ್ಟು ಸಲ ಬಂದಿರಲು ಸಾಧ್ಯ? ತಮ್ಮ ಮನೆಗಳಲ್ಲಿ ಹಿಂದಿನ ಸಾಲಿಗೆ ಕೂತವರನ್ನು ಅವರು ಎಂದೂ ಎಣಿಸಿರಲಿಲ್ಲ.

ಹಾಜರಿ ಪುಸ್ತಕ ನನ್ನ ಹತ್ತಿರ ಇರುತ್ತದೆ. ನಮ್ಮಲ್ಲಿ ಹೆಸರು ಕರೆದಾಗ ಹೂಂ ಅಂದರೆ ನಡೆಯುವುದಿಲ್ಲ. ಬೈಬಲಿನ ಒಂದು ವಚನ ಬಾಯಿಪಾಠ ಹೇಳಬೇಕು. ಹೇಳಿದ ವಚನದ ಅಂಕಿಯನ್ನು ನಾನು ಹೆಸರಿನ ಮುಂದೆ ಬರೆಯುತ್ತೇನೆ. ಅದೇ ಹಾಜರಿ. ರಜನಿ ಮೇಡಂ ಹೆಸರಿನ ಮುಂದೆ ಮೂರು ವರ್ಷವೂ ಒಂದೇ ಅಂಕಿ. ಇಡೀ ಗ್ರಂಥದಲ್ಲಿ ಅದಕ್ಕಿಂತ ಸಣ್ಣ ವಚನ ಇಲ್ಲ.

ನಮ್ಮ ಚರ್ಚಿನ ಪಾಲಕರಾದ ಶಶಿಕುಮಾರ ಅಯ್ಯನವರು ಪುಸ್ತಕ ತರಲು ಹೇಳಿದರು. ತಂದುಕೊಟ್ಟೆ. ಓದು ಅಂದರು. ಓದಿದೆ.

ಮನೆಪ್ರಾರ್ಥನೆ ಪ್ರತಿ ಗುರುವಾರ ಒಂದೊಂದು ಮನೆಯಲ್ಲಿ, ಸರದಿಯ ಪ್ರಕಾರ. ಒಟ್ಟು ಇಪ್ಪತ್ತುನಾಲ್ಕು ಮನೆ. ಅದರಲ್ಲಿ ಹನ್ನೊಂದು ನಮ್ಮ ಓಣಿಯವು. ದೊಡ್ಡವ್ವ ಮೂರು ವರ್ಷದಲ್ಲಿ ತಪ್ಪಿಸಿದ್ದು ಎರಡೇ ಗುರುವಾರ. ಅವಳ ಜೊತೆ ಕೆಲಸ ಮಾಡುವ ಅಖ್ತರಬೇಗಂ ಗುರುವಾರದ ಸಂಜೆಯನ್ನು ನೋಡಿಕೊಳ್ಳುತ್ತಿದ್ದಳು. ಶುಕ್ರವಾರ ನಮಾಜಿನ ಹೊತ್ತಿನಲ್ಲಿ ಅವಳ ಕೆಲಸ ದೊಡ್ಡವ್ವ ಮಾಡುತ್ತಿದ್ದಳು. ನಮ್ಮ ಓಣಿಯ ಹದಿನಾಲ್ಕು ಹೆಂಗಸರೂ ಹೀಗೇ ಒಂದಲ್ಲ ಒಂದು ಹಂಚಿಕೆ ಮಾಡಿ ಬಂದಿದ್ದರು. ಎಲ್ಲರದೂ ಮುಕ್ಕಾಲಿಗಿಂತ ಮೇಲೆ.

ಆಮೇಲೆ ದೊಡ್ಡ ಮನೆಯವರ ಹೆಸರು ಓದಿದೆ. ಅವರ ಮನೆಗಳಲ್ಲಿ ಪ್ರಾರ್ಥನೆ ಇದ್ದಾಗ ಎಲ್ಲರೂ ಹಾಜರು. ನಮ್ಮ ಓಣಿಯ ಹನ್ನೊಂದು ಮನೆಗಳ ಗುರುವಾರ ಖಾಲಿ. ಒಬ್ಬರಿಗೆ ಕಾಲುನೋವು, ಒಬ್ಬರಿಗೆ ಬೀಗರು, ಒಬ್ಬರಿಗೆ ತಲೆಶೂಲೆ. ಬಂದರೆ ಚಾಪೆಯ ಮೇಲೆ ಕೂರಬೇಕು. ಕೂತರೆ ಚಹಾ ಕುಡಿಯಬೇಕು. ಪಾಲಕರ ಹೆಂಡತಿ ಒಬ್ಬರೇ ಬರುತ್ತಿದ್ದರು. ರಜನಿ ಮೇಡಂ ಒಂದು ಸಲವೂ ಇಲ್ಲ. ಅವರ ಹಾಜರಿ ಅರ್ಧಕ್ಕಿಂತ ಚೂರು ಮೇಲೆ, ಮುಕ್ಕಾಲಿಗೆ ಬಹಳ ದೂರ.

ನಾನು ಪುಸ್ತಕ ಮುಚ್ಚಿದೆ.

ಅಯ್ಯನವರು ಶಾಂತಿಪ್ರಿಯರು. ಒಂದು ದಾರಿ ಹುಡುಕಿದರು. ಚುನಾವಣೆಗೆ ಎರಡು ವಾರ ಇದೆ, ತಪ್ಪಿದ ಮನೆಗಳ ಪ್ರಾರ್ಥನೆಯನ್ನು ಈಗ ಒಂದೊಂದು ಸಲ ಮಾಡಿದರೆ ಮೂರು ವರ್ಷದ ಹಾಜರಿ ಎಂದೇ ಹಿಡಿಯೋಣ ಅಂದರು. ದಿನಕ್ಕೊಂದು ಮನೆ, ಹನ್ನೊಂದು ದಿನ. ದೊಡ್ಡ ಮನೆಯ ಉಳಿದವರು ಮತ ಬೇಡ, ಮಾನ ಸಾಕು ಎಂದು ಹಿಂದೆ ಸರಿದರು. ರಜನಿ ಮೇಡಂ ಮಾತ್ರ ಒಪ್ಪಿಕೊಂಡರು. ಅವರಿಗೆ ಜಂಪರ್ ಹೊಲಿಸಿದ್ದು ನೆನಪಿತ್ತು.

ಸೋಮವಾರ ಸಂಜೆ ಅವರ ಕಾರು ಓಣಿಯ ಬಾಯಿಗೆ ಬಂದು ನಿಂತಿತು. ಒಳಗೆ ಬರುವಷ್ಟು ಅಗಲ ಇಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು, ಗಟಾರ ದಾಟಿ ಬಂದರು. ಚಾಪೆಯ ತುದಿಯಲ್ಲಿ ಕೂತರು. ತಮ್ಮ ಸಣ್ಣ ವಚನ ಹೇಳಿದರು. ಪ್ರಾರ್ಥನೆ ಮುಗಿಯಿತು. ಲೋಟದಲ್ಲಿ ಚಹಾ ಬಂತು. ರಜನಿ ಮೇಡಂ ಚಹಾ ನೋಡಿದರು. ಮತ್ತೆ ಕಣ್ಣು ಮುಚ್ಚಿದರು.

‘ನನಗ ಉಪವಾಸ ಅದ.’

ಉಪವಾಸ ಎಂದ ಮೇಲೆ ನಮ್ಮಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ. ಅದು ಅವರ ಮತ್ತು ದೇವರ ನಡುವಿನ ಮಾತು. ಲೋಟ ತಣ್ಣಗಾಯಿತು.

ಮಂಗಳವಾರ ಎರಡನೆಯ ಮನೆ. ಉಪವಾಸ. ಬುಧವಾರ ಮೂರನೆಯ ಮನೆ. ಉಪವಾಸ. ಪುಸ್ತಕದಲ್ಲಿ ಹಾಜರಿಯ ಪಕ್ಕ ನಾನು ‘ಉಪವಾಸ’ ಎಂದು ಬರೆಯುತ್ತ ಹೋದೆ. ಅವರು ಹೇಳಿದ್ದನ್ನೇ ಬರೆದೆ. ಹಾಗೆ ಬರೆಯುವುದು ಪಾಪವೋ ಎಂದು ಪ್ರಾರ್ಥನೆಯಲ್ಲಿ ಕೇಳಿದೆ. ಉತ್ತರ ಬರಲಿಲ್ಲ. ಬೇಡ ಎಂದೂ ಬರಲಿಲ್ಲ. ಶನಿವಾರಕ್ಕೆ ಆರು ಮನೆ, ಆರು ಉಪವಾಸ. ನಮ್ಮ ಓಣಿಯ ಹೆಂಗಸರು ಕುದಿಯುತ್ತಿದ್ದರು. ಮೈಮೇಲೆ ಸುರಿದು ಬಿಡೋಣ ಎಂದವರೂ ಇದ್ದರು. ದೊಡ್ಡವ್ವ ಬೇಡ ಅಂದಳು. ಹಾಲು ಸಕ್ಕರೆ ಹಾಕಿ ಮಾಡಿದ್ದು, ಸುರಿಯಲಿಕ್ಕೆ ಅಲ್ಲ ಎಂದಳು. ಆಮೇಲೆ ಅವಳೊಬ್ಬಳೇ ನಕ್ಕಳು. ಆ ನಗೆ ನನಗೆ ಗೊತ್ತು. ಅದು ಅರ್ಧ ವಚನದ ನಗೆ.

ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳುವ ಸಮಯ ಇರುತ್ತದೆ. ದೇವರು ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಅವರನ್ನು ತಡೆಯುವಂತಿಲ್ಲ. ದೊಡ್ಡವ್ವ ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ನಮ್ಮ ಅಧ್ಯಕ್ಷೆಯವರು ನಮ್ಮ ಬಡ ಓಣಿಗಾಗಿ ಆರು ದಿನದಿಂದ ಉಪವಾಸ ಇದ್ದಾರೆ ಎಂದು ಶುರು ಮಾಡಿದಳು. ಒಂದು ಗುಟುಕು ಚಹಾ ಮುಟ್ಟಿಲ್ಲ. ಒಂದು ಗುಟುಕು ನೀರು ಮುಟ್ಟಿಲ್ಲ. ಮನೆಯಿಂದ ಮನೆಗೆ ಹೋಗುತ್ತಾರೆ, ಹಸಿದು ಬರುತ್ತಾರೆ, ಹಸಿದು ಹೋಗುತ್ತಾರೆ. ಹೇಳುತ್ತ ಹೇಳುತ್ತ ಅವಳ ಧ್ವನಿ ಕೀರ್ತನೆಯ ಧಾಟಿಗೆ ಏರಿತು. ಗಂಡಸರ ಬೆಂಚಿನಿಂದ ಆಮೆನ್ ಬಂತು. ಹೆಂಗಸರು ಕಣ್ಣೊರೆಸಿಕೊಂಡರು. ರಜನಿ ಮೇಡಂ ತಲೆ ತಗ್ಗಿಸಿದರು. ಅದನ್ನು ಎಲ್ಲರೂ ದೀನತೆ ಎಂದು ತಿಳಿದರು. ಪ್ರಿನ್ಸಿಪಾಲ್ ಸರ್ ಮಾತ್ರ ಹೆಂಡತಿಯನ್ನು ಬೆರಗಾಗಿ ನೋಡಿದರು. ಅಂದು ಮುಂಜಾನೆ ಮೇಡಂ ತಟ್ಟೆಯಲ್ಲಿ ಎಷ್ಟು ಇಡ್ಲಿ ಇದ್ದವು ಎಂಬುದು ಅವರಿಗೆ ಗೊತ್ತಿತ್ತು.

ದೊಡ್ಡವ್ವ ಇನ್ನೂ ಕೂತಿರಲಿಲ್ಲ. ಇಷ್ಟು ದೊಡ್ಡ ಉಪವಾಸವನ್ನು ಅವರೊಬ್ಬರ ಮೇಲೆ ಬಿಡಬಾರದು, ಸರಪಳಿ ಪ್ರಾರ್ಥನೆ ಮಾಡೋಣ ಎಂದಳು. ಇಬ್ಬಿಬ್ಬರು ಹೆಂಗಸರು, ಎರಡೆರಡು ತಾಸು, ಬೆಳಗಿನ ಆರರಿಂದ ರಾತ್ರಿ ಎಂಟರ ತನಕ. ಅವರ ಮನೆಯಲ್ಲೇ. ಅಯ್ಯನವರು ದೇವರಿಗೆ ಸ್ತೋತ್ರ ಅಂದರು. ಸಭೆಯೂ ಸ್ತೋತ್ರ ಅಂದಿತು. ಇನ್ನು ಇಲ್ಲ ಅನ್ನುವುದು ಯಾರಿಂದಲೂ ಆಗುತ್ತಿರಲಿಲ್ಲ.

ಸೋಮವಾರ ಆರಕ್ಕೆ ನಮ್ಮ ಓಣಿಯ ಮೊದಲ ಇಬ್ಬರು ಚಿಗರಿ ಬಸ್ಸು ಹತ್ತಿ ಉಣಕಲ್‌ನಲ್ಲಿ ಇಳಿದರು. ಚಾಪೆ ತಾವೇ ಒಯ್ದಿದ್ದರು. ಹಾಸಿದ್ದು ಊಟದ ಮೇಜಿನ ಪಕ್ಕ. ಅಡಿಗೆಯವಳಿಗೆ, ಅಮ್ಮಾರ ಉಪವಾಸ ಮುಗಿಯುವ ತನಕ ನೀನು ಆರಾಮ ಇರು ಎಂದು ಹೇಳಿ ಕಳಿಸಿದರು. ನನ್ನ ಪಾಳಿ ಎಂಟಕ್ಕೆ. ಮಧ್ಯಾಹ್ನ ಹನ್ನೆರಡರಿಂದ ಎರಡು ದೊಡ್ಡವ್ವನದು. ಅವಳು ದವಾಖಾನೆಯಲ್ಲಿ ಆ ವಾರ ಬೆಳಗಿನ ಪಾಳಿಯನ್ನು ಅಖ್ತರಬೇಗಂಗೆ ಕೊಟ್ಟು ತಾನು ರಾತ್ರಿ ಪಾಳಿ ಹಿಡಿದಿದ್ದಳು. ಸರಿಯಾಗಿ ಊಟದ ಹೊತ್ತಿಗೆ ಅತಿ ಉದ್ದದ ಕೀರ್ತನೆ ಹಿಡಿಯುತ್ತಿದ್ದಳು. ನೂರಾ ಎಪ್ಪತ್ತಾರು ವಚನ. ಒಂದೂ ಬಿಡುತ್ತಿರಲಿಲ್ಲ. ನಡುವೆ ಮರೆತಂತಾಗಿ ಮತ್ತೆ ಮೊದಲಿಂದ ಶುರು ಮಾಡಿದ್ದೂ ಉಂಟು.

ಪ್ರಿನ್ಸಿಪಾಲ್ ಸರ್ ಕಾರಿನಲ್ಲಿ ಕೂತು ಊಟ ಮಾಡತೊಡಗಿದರು. ಗಾಜು ಏರಿಸಿಕೊಂಡು. ರಾತ್ರಿ ಎಂಟರ ನಂತರ ಆ ಮನೆಯಲ್ಲಿ ಏನಾಗುತ್ತಿತ್ತು ನನಗೆ ಗೊತ್ತಿಲ್ಲ. ದೇವರಿಗೆ ಗೊತ್ತು. ಫ್ರಿಜ್ಜಿಗೂ ಗೊತ್ತಿರಬಹುದು.

ಇಷ್ಟಾದರೂ ರಜನಿ ಮೇಡಂ ಸಿಟ್ಟಾಗಲಿಲ್ಲ. ಇದೇ ಸೋಜಿಗ. ಅವರು ಇದನ್ನೆಲ್ಲ ಪ್ರೀತಿ ಎಂದು ತಿಳಿದರು. ಓಣಿಗೆ ಓಣಿಯೇ ನನ್ನ ಕಾಲಬುಡಕ್ಕೆ ಬಂದಿದೆ, ಹದಿನಾಲ್ಕು ಕೈಯೂ ನನಗೇ ಎಂದುಕೊಂಡರು. ಆ ನಂಬಿಕೆಯಲ್ಲಿ ಹಸಿವು ತಡೆದರು. ಸಂಜೆ ಓಣಿಗೆ ಬರುವಾಗ ಗೋಡೆ ಹಿಡಿದು ನಡೆಯುತ್ತಿದ್ದರು.

ಶುಕ್ರವಾರ ಹನ್ನೊಂದನೆಯ ಮನೆ, ದೊಡ್ಡವ್ವನದು. ಪ್ರಾರ್ಥನೆ ಮುಗಿಯಿತು. ಚಹಾ ಬಂತು. ಯಾಲಕ್ಕಿ ಹಾಕಿದ್ದಳು. ವಾಸನೆಗೆ ರಜನಿ ಮೇಡಂ ಮೂಗು ಅರಳಿತು. ಕೈ ಲೋಟದ ಕಡೆ ಬಂದೇ ಬಂತು. ನಾವೆಲ್ಲ ನೋಡುತ್ತಿದ್ದೆವು. ಕೈ ಮತ್ತೆ ಮಡಿಲಿಗೆ ಹೋಯಿತು.

‘ಉಪವಾಸ,’ ಅಂದರು.

ನನಗೆ ಆ ಕ್ಷಣ ಅಯ್ಯೋ ಅನ್ನಿಸಿತು. ಮರುಕ್ಷಣ ಸಿಟ್ಟು ಬಂತು. ಐದು ದಿನ ಹಸಿದ ಹೊಟ್ಟೆ ಬೇಕು ಅನ್ನುತ್ತಿದೆ. ನೂರೈವತ್ತು ವರ್ಷದ ಹಿಂದೆ ಬಿಟ್ಟು ಬಂದದ್ದು ಬೇಡ ಅನ್ನುತ್ತಿದೆ. ಹೊಟ್ಟೆ ಸೋತಿತು.

ಎಲ್ಲರೂ ಎದ್ದ ಮೇಲೆ ರಜನಿ ಮೇಡಂ ದೊಡ್ಡವ್ವನನ್ನು ಬಾಗಿಲ ಹತ್ತಿರ ಕರೆದರು. ನಿನ್ನ ಭಕ್ತಿ ನೋಡಿ ಸಂತೋಷ ಆಗಿದೆ, ನಾನು ದೇಶದ ಅಧ್ಯಕ್ಷೆ ಆದರೆ ನಿನ್ನನ್ನು ಮರೆಯುವುದಿಲ್ಲ ಎಂದರು. ಅರ್ಜಿ ಹಿಂದೆ ತಗೋ. ಅಡಿಗೆ ಸಮಿತಿಗೆ ನೀನೇ ಮುಖ್ಯಸ್ಥೆ. ಇಡೀ ದೇಶದ ಸಮಾವೇಶದ ಅಡಿಗೆ ನಿನ್ನ ಕೈಕೆಳಗೆ.

ದೊಡ್ಡವ್ವ ತನ್ನ ಎರಡೂ ಕೈ ಮುಂದೆ ಚಾಚಿದಳು. ಗೆರೆ ಇಲ್ಲದ ಹೆಬ್ಬೆರಳು, ಬಿರಿದ ಅಂಗೈ.

‘ಅಡಿಗಿಮನಿ ನೋಡೇನ್ರಿ. ಅದರ ಕಿಟಕಿನೂ ನೋಡೇನಿ. ನನಗ ಮೈಕ್ ಬೇಕ್ರಿ.’

‘ಸಿಟ್ಟಿಗೆದ್ದೀ ಏನು?’

‘ಇಲ್ರಿ. ನಿಂತೇನಿ.’

ಭಾನುವಾರ ಆರಾಧನೆಯ ನಂತರ ಸಂಘದ ಸಭೆ. ಹೆಸರು ಕಳಿಸಲು ಅದೇ ಕೊನೆಯ ದಿನ. ಚುನಾವಣೆ ಎಂದು ಗಂಡಸರೂ ಮನೆಗೆ ಹೋಗದೆ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಬರೀ ಚುನಾವಣೆಗಲ್ಲ. ಪ್ರತಿ ಸಲ ಊಟಕ್ಕೆ ಅಡಿಗೆ ಮಾಡುವ ನಮ್ಮ ಓಣಿಯವರು ಸಭೆಯಲ್ಲಿ ಕೂರುತ್ತೇವೆ, ಇವತ್ತು ಅಡಿಗೆ ಇಲ್ಲ ಎಂದು ಹೇಳಿದ್ದರಿಂದ ಖಾನಾವಳಿಯ ಹುಸೇನಬಾಷಾನ ಹತ್ತಿರ ಎರಡು ಹಂಡೆ ಬಿರ್ಯಾನಿ ಹೇಳಿದ್ದರು. ಹಂಡೆಗಳು ಬಂದು ವರಾಂಡದಲ್ಲಿ ಕೂತಿದ್ದವು. ಮುಚ್ಚಳದ ಸಂದಿಯಿಂದ ವಾಸನೆ ಒಳಗೆ ಬರುತ್ತಿತ್ತು.

ಕೈ ಎತ್ತುವ ಹಕ್ಕು ಇದ್ದದ್ದು ಹದಿನಾರು ಜನಕ್ಕೆ. ನಮ್ಮ ಓಣಿಯ ಹದಿನಾಲ್ಕು, ಪಾಲಕರ ಹೆಂಡತಿ, ರಜನಿ ಮೇಡಂ. ರಜನಿ ಮೇಡಂ ಹೆಸರು ಕರೆದಾಗ ಅವರ ಕೈ ಎದ್ದಿತು. ಪಾಲಕರ ಹೆಂಡತಿಯ ಕೈ ಭುಜದ ತನಕ ಬಂದು, ಜಡೆ ಸರಿ ಮಾಡಿ, ಇಳಿಯಿತು. ಓಣಿಯವರು ಮಡಿಲಲ್ಲಿ ಕೈ ಇಟ್ಟು ಕೂತಿದ್ದರು. ರಜನಿ ಮೇಡಂ ಹಿಂದೆ ತಿರುಗಿ ನೋಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಮನೆಯಲ್ಲಿ ಚಾಪೆ ಹಾಸಿ ಕೂತ ಮುಖಗಳೇ.

ದೊಡ್ಡವ್ವನ ಹೆಸರು ಕರೆದರು. ಹದಿನಾಲ್ಕು ಕೈ ಎದ್ದವು. ಪಾಲಕರ ಹೆಂಡತಿಯದೂ ಎದ್ದಿತು. ಈ ಸಲ ಪೂರ್ತಿ.

ಅಯ್ಯನವರು ಅರ್ಜಿಯನ್ನು ಸಹಿಗೆ ಮುಂದಿಟ್ಟರು. ರಜನಿ ಮೇಡಂ ಪೆನ್ನು ಮುಟ್ಟಲಿಲ್ಲ.

‘ನನ್ನ ಕೈ ನಡಗಲಿಕ್ಕತ್ತಾವ. ಇಷ್ಟು ದಿನದ ಉಪವಾಸ. ನಾಳೆ ನೋಡೋಣು.’

ನಾಳೆ ಅಂದರೆ ಹೆಸರು ಹೋಗುವುದಿಲ್ಲ. ಮೂರು ವರ್ಷ ಮತ್ತೆ ಉಳ್ಳಾಗಡ್ಡಿ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ದೊಡ್ಡವ್ವ ಎದ್ದಳು. ಯಾರನ್ನೂ ನೋಡದೆ ಗೋಡೆಯ ಸಣ್ಣ ಬಾಗಿಲಿನಿಂದ ಓಣಿಗೆ ಹೋದಳು. ಸ್ಟೀಲ್ ಲೋಟದಲ್ಲಿ ಚಹಾ ತಂದಳು. ಅರ್ಜಿಯ ಪಕ್ಕ ಇಟ್ಟಳು.

‘ಖರೇ ಐತ್ರಿ. ಇಷ್ಟ ದಿನ ಹಸದೀರಿ. ಉಪವಾಸ ಬಿಡ್ರಿ. ಆಮ್ಯಾಲ ಸಹಿ ಮಾಡ್ರಿ.’

ರಜನಿ ಮೇಡಂ ಇನ್ನೊಂದು ದಿನ ಇರುತ್ತೇನೆ ಅಂದರು. ಅಯ್ಯನವರು ಗಂಟಲು ಸರಿಮಾಡಿಕೊಂಡರು. ಉಪವಾಸ ಹಿಡಿದವರು ಬಿಡದೆ ಸಭೆಗೆ ಊಟ ಬಡಿಸುವ ರೂಢಿ ನಮ್ಮಲ್ಲಿ ಇಲ್ಲ ಎಂದು ನೆನಪಿಸಿದರು. ಹಿಂದಿನ ಬೆಂಚುಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು. ಯಾರೋ ಹಂಡೆ ಆರಿಹೋಗುತ್ತದೆ ಅಂದರು. ಎಡಗಡೆ ಕೊನೆಯ ಬೆಂಚಿನಲ್ಲಿ ನನ್ನ ದೊಡ್ಡಪ್ಪನೂ ಎಚ್ಚರಾಗಿದ್ದ.

ಕೊನೆಗೆ ಮಾತಾಡಿದವರು ಪ್ರಿನ್ಸಿಪಾಲ್ ಸರ್. ಒಂದು ವಾರ ಕಾರಿನಲ್ಲಿ ಉಂಡ ಮನುಷ್ಯ.

‘ರಜನಿ, ಕುಡಿ. ಚಹಾ ಅದು.’

ರಜನಿ ಮೇಡಂ ಲೋಟ ಎತ್ತಿದರು. ತುಟಿಗೆ ತಾಗದಂತೆ ಮೇಲಿಂದ ಸುರಿದುಕೊಳ್ಳಲು ನೋಡಿದರು. ಕೈ ನಿಜವಾಗಿಯೂ ನಡುಗುತ್ತಿತ್ತು. ಚಹಾ ರೇಷ್ಮೆ ಜಂಪರಿನ ಮೇಲೆ ಚೆಲ್ಲಿತು. ಆಗ ಲೋಟವನ್ನು ಬಾಯಿಗೆ ಹಚ್ಚಿದರು. ಒಂದು ಗುಟುಕು. ಎರಡು. ಆಮೇಲೆ ಎಣಿಸಲಿಲ್ಲ. ತಳದ ಸಕ್ಕರೆ ಬೀಳುವ ತನಕ ಲೋಟ ಎತ್ತಿ ಹಿಡಿದರು. ಚರ್ಚಿನಲ್ಲಿ ಅಷ್ಟು ಜನ ಇದ್ದರೂ ಚಹಾ ಇಳಿಯುವ ಸಪ್ಪಳ ಕೇಳಿಸಿತು.

ಸಹಿ ಮಾಡಿದರು. ಅಯ್ಯನವರು ಮೊಬೈಲಿನಲ್ಲಿ ಅರ್ಜಿಯ ಫೋಟೋ ತೆಗೆದು ಅಲ್ಲೇ ಕಳಿಸಿದರು. ಮುಟ್ಟಿತು ಎಂದು ಉತ್ತರವೂ ಬಂತು. ಅದರಲ್ಲಿ ದೊಡ್ಡವ್ವನ ಹೆಸರಿನ ಹಿಂದೆ ‘ಶ್ರೀಮತಿ’ ಇತ್ತು. ಅವಳು ಅದನ್ನು ಎರಡು ಸಲ ಓದಿಸಿಕೊಂಡಳು. ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ರಜನಿ ಮೇಡಂ ಲೋಟವನ್ನು ಅವಳ ಕಡೆಗೆ ಚಾಚಿದರು. ಹದಿನಾಲ್ಕು ವರ್ಷದ ಅಭ್ಯಾಸ. ಖಾಲಿಯಾದದ್ದನ್ನು ನಮ್ಮ ಕಡೆ ಚಾಚುವುದು.

ದೊಡ್ಡವ್ವ ಕೈ ಮುಂದೆ ತರಲಿಲ್ಲ.

‘ತೊಳದ ಇಡ್ರಿ ಮೇಡಂ. ನನಗ ಎರಡರ ಪಾಳಿ ಐತಿ.’

ಹೋದಳು. ಈ ಸಲ ದೊಡ್ಡ ಬಾಗಿಲಿನಿಂದ. ಜನ ಎದ್ದು ಹಂಡೆಗಳ ಕಡೆ ಹೊರಟರು. ರಜನಿ ಮೇಡಂ ಲೋಟ ಹಿಡಿದುಕೊಂಡು ನಿಂತಿದ್ದರು. ಅದನ್ನು ಎಲ್ಲಿಡುವುದೆಂದು ಸುತ್ತಲ ಮೇಜು, ಬೆಂಚು, ಕಿಟಕಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ ಕೇಳಿದರು.

‘ಭಾಗ್ಯಾ, ಇಲ್ಲಿ ನಳಾ ಎಲ್ಲಿ ಅದ?’